ನಲವತ್ತೊಂದರಲ್ಲಿ ನಿಂತ ಆಟ

ನನ್ನ ಹೆಂಡತಿಗೆ ಏಳನೆಯ ತಿಂಗಳು ಶುರುವಾಗುವ ಹೊತ್ತಿಗೆ ಡಾಕ್ಟರು ಅವಳನ್ನು ಮಂಚಕ್ಕೆ ಕಟ್ಟಿಹಾಕಿದರು. ಮಗುವಿನ ಮಾಸು ಗರ್ಭದಲ್ಲಿ ಕೆಳಗೆ ಕೂತಿದೆ, ಒಮ್ಮೆ ರಕ್ತ ಹೋಗಿದೆ, ಇನ್ನೊಮ್ಮೆ ಹೋಗಬಾರದು, ಬಚ್ಚಲಿಗೆ ಹೋಗಿ ಬರುವುದು ಬಿಟ್ಟರೆ ಬೇರೆ ಓಡಾಟವೇ ಬೇಡ ಎಂದರು. ಅದರ ಹಿಂದಿನ ವರ್ಷ ನಾವು ಒಂದು ಮಗುವನ್ನು ನಾಲ್ಕನೆಯ ತಿಂಗಳಲ್ಲೇ ಕಳೆದುಕೊಂಡಿದ್ದೆವು. ಹಾಗಾಗಿ ಈ ಸಲ ಡಾಕ್ಟರ ಮಾತನ್ನು ಮೀರುವ ಯೋಚನೆ ನಮ್ಮಿಬ್ಬರಿಗೂ ಬರಲಿಲ್ಲ. ಆಸ್ಪತ್ರೆಯಿಂದ ಅವಳನ್ನು ಕ್ಯಾಬಿನ ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಸಿಕೊಂಡು ಚಿಕ್ಕಬಾಣಾವರಕ್ಕೆ ಬರುವಾಗ, ಟಿ. ದಾಸರಹಳ್ಳಿ ದಾಟುವವರೆಗೂ ಒಂದೊಂದು ರಸ್ತೆ ಉಬ್ಬಿಗೂ "ನಿಧಾನ ಗುರು, ನಿಧಾನ" ಎನ್ನುತ್ತಲೇ ಇದ್ದೆ. ಕೊನೆಗೆ ಡ್ರೈವರು, "ಸಾರ್, ಇದಕ್ಕಿಂತ ನಿಧಾನ ಅಂದ್ರೆ ಇಳಿದು ತಳ್ಕೊಂಡೇ ಹೋಗ್ಬೇಕು" ಎಂದ. ಅವಳು ನಕ್ಕುಬಿಟ್ಟಳು. ನಗಬೇಡ ಎಂದು ಅವಳ ಭುಜ ಹಿಡಿದುಕೊಂಡೆ. ನಕ್ಕರೂ ಏನಾದರೂ ಆದೀತು ಎಂಬ ಭಯ ನನಗೆ.

ನಮ್ಮದು ರೈಲ್ವೆ ಸ್ಟೇಷನ್ನಿನ ಆಚೆ, ಹಳೆಯ ಊರಿನೊಳಗಿನ ಮನೆ. ಅಪ್ಪನ ಕಾಲಕ್ಕೆ ಸುತ್ತ ರಾಗಿ ಹೊಲವಿತ್ತು, ಈಗ ಬಾಡಿಗೆ ಮನೆಗಳಿವೆ. ಅಪ್ಪ ತೀರಿಕೊಂಡ ಮೇಲೂ ಅಮ್ಮ ಹಿತ್ತಲಲ್ಲಿ ಒಂದು ಹಸು ಉಳಿಸಿಕೊಂಡಿದ್ದಾಳೆ. ನಾನು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ನಡೆಸುತ್ತೇನೆ, ಬರೆದುಕೊಟ್ಟ ಪ್ರೋಗ್ರಾಮಿನಂತೆ ತಾನೇ ಕಬ್ಬಿಣ ಕೊರೆಯುವಂಥದ್ದು. ಬೆಳಗಿನ ಪಾಳಿ ಮುಗಿಸಿ ಮೂರು ಗಂಟೆಗೆಲ್ಲ ಮನೆಯಲ್ಲಿರುತ್ತಿದ್ದೆ. ಅಲ್ಲಿಯವರೆಗೆ ಅವಳನ್ನು ನೋಡಿಕೊಳ್ಳುತ್ತಿದ್ದವಳು ಅಮ್ಮ. ಹೆಂಡತಿಯ ತಾಯಿ ಅವಳು ಕಾಲೇಜಿನಲ್ಲಿದ್ದಾಗಲೇ ಹೋಗಿಬಿಟ್ಟಿದ್ದರು.

ಮೊದಲ ನಾಲ್ಕು ದಿನ ಅವಳು ಮಲಗಿದಲ್ಲೇ ಫೋನು ಹಿಡಿದುಕೊಂಡಿದ್ದಳು. ಏನು ನೋಡುತ್ತಿದ್ದಾಳೆಂದು ನಾನು ಕೇಳಲಿಲ್ಲ. ಐದನೆಯ ದಿನ ನಾನು ಬಂದು ಬೂಟು ಬಿಚ್ಚುತ್ತಿದ್ದಾಗ ಫೋನನ್ನು ನನ್ನತ್ತ ಚಾಚಿದಳು.

"ಇದನ್ನ ನನ್ನ ಕೈಯಿಂದ ತಗೊಂಡ್ಬಿಡು. ಬೆಳಗ್ಗೆಯಿಂದ ಅದನ್ನೇ ಹುಡುಕ್ತಾ ಇದ್ದೀನಿ. ಯಾರ್ಯಾರಿಗೆ ಏನೇನಾಯ್ತು, ಎಷ್ಟನೇ ವಾರಕ್ಕೆ ಹೋಯ್ತು, ಎಲ್ಲಾ ಓದಿ ಮುಗಿಸ್ದೆ. ಇನ್ನೂ ಓದಿದ್ರೆ ಹುಚ್ಚಿಡಿಯುತ್ತೆ."

"ಪುಸ್ತಕ ತಂದ್ಕೊಡ್ಲಾ?"

"ಪುಸ್ತಕ ಹಿಡ್ಕೊಂಡ್ರೂ ತಲೆ ಅಲ್ಲಿಗೇ ಹೋಗುತ್ತೆ. ಕೈಗೂ ತಲೆಗೂ ಒಟ್ಟಿಗೆ ಕೆಲ್ಸ ಬೇಕು." ಫೋನನ್ನು ನನ್ನ ಕೈಗಿಟ್ಟು, "ಅಪ್ಪನ ಹತ್ರ ನನ್ ಆಟ ಇದೆ. ತರ್ತೀಯಾ?" ಎಂದಳು.

ಅವಳಪ್ಪ ಹಿಂದೆ ಆರ್‌ಟಿ ನಗರದಲ್ಲಿ ಎಂಟು ಕಂಪ್ಯೂಟರ್ ಇಟ್ಟುಕೊಂಡು ಒಂದು ಸಣ್ಣ ಅಂಗಡಿ ನಡೆಸುತ್ತಿದ್ದರು. ಮುಂದಿನ ಸಾಲಿನಲ್ಲಿ ಅರ್ಜಿ ತುಂಬುವವರು, ಹಿಂದಿನ ಸಾಲಿನಲ್ಲಿ ಆಟ ಆಡುವ ಹುಡುಗರು. ಸ್ಕೂಲು ಬಿಟ್ಟ ಮೇಲೆ ಇವಳು ಕೌಂಟರಿನಲ್ಲಿ ಕೂರುತ್ತಿದ್ದಳು. ಹುಡುಗರ ಕೈಗೆ ಆಟದ ಸಿಡಿ ಡಿಸ್ಕು ಕೊಟ್ಟರೆ ವಾರಕ್ಕೇ ಗೀರು ಬೀಳುತ್ತಿತ್ತಂತೆ. ಅದಕ್ಕೆ ಮಾವ ಅಂಗಡಿಗೆ ಕೊಂಡ ಡಿಸ್ಕುಗಳನ್ನೆಲ್ಲ ಬೀರುವಿನಲ್ಲಿಟ್ಟು, ಒಂದೊಂದರಲ್ಲಿ ಇರುವುದನ್ನೂ ಇದ್ದ ಹಾಗೆಯೇ ಒಂದೊಂದು ದೊಡ್ಡ ಫೈಲಾಗಿ ನಕಲು ಮಾಡಿಟ್ಟಿದ್ದರು. ಡಿಸ್ಕ್ ಇಮೇಜ್ ಅಂದರೆ ಅದೇ. ಆ ಫೈಲನ್ನು ಒತ್ತಿದರೆ ಕಂಪ್ಯೂಟರಿಗೆ ನಿಜವಾದ ಡಿಸ್ಕನ್ನೇ ಹಾಕಿದ ಹಾಗೆ ಕಾಣುತ್ತದೆ. ಆಟ ಶುರುವಾಗಲಿಲ್ಲ, ನಡುವೆ ನಿಂತಿತು ಎಂದರೆ ಹಿಂದಿನ ಸಾಲಿನ ಹುಡುಗರು "ಅಕ್ಕಾ" ಎಂದು ಕೂಗುತ್ತಿದ್ದುದು ಇವಳನ್ನೇ. ಎಲ್ಲರ ಕೈಗೂ ಫೋನು ಬಂದ ಮೇಲೆ ಅಂಗಡಿ ಮುಚ್ಚಿ ಮಾವ ಯಲಹಂಕದಲ್ಲಿ ಒಂದು ಜೆರಾಕ್ಸ್ ಅಂಗಡಿ ಹಾಕಿಕೊಂಡರು. ಇವೆಲ್ಲ ನನಗೆ ಮದುವೆಗೆ ಮುಂಚೆಯೇ ಗೊತ್ತಿತ್ತು. ಆದರೆ ಅವಳ ಆಟ ಅಂತ ಒಂದಿತ್ತು ಎಂದು ಗೊತ್ತಾದದ್ದು ಅವತ್ತೇ. ಒಂದು ಬರಿದಾದ ದ್ವೀಪದಲ್ಲಿ ಬಾವಿ ತೋಡಿ, ಗದ್ದೆ ಮಾಡಿ, ಜನರನ್ನು ಕರೆಸಿ, ನಿಧಾನವಾಗಿ ಊರು ಕಟ್ಟುವ ಆಟ.

ಮರುದಿನವೇ ಯಲಹಂಕಕ್ಕೆ ಹೋದೆ. ಮಾವ ಆ ಫೈಲುಗಳಿದ್ದ ಒಂದು ಹಾರ್ಡ್‌ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ಅದನ್ನು ಇನ್ನೊಂದು ಕವರಿನಲ್ಲಿಟ್ಟು ಕೊಟ್ಟರು. ಮಗಳ ಬಗ್ಗೆ ನೇರವಾಗಿ ಏನೂ ಕೇಳಲಿಲ್ಲ. "ಊಟ ಮಾಡ್ತಾಳಾ?" ಎಂದರು. ಮಾಡುತ್ತಾಳೆ ಎಂದೆ. "ಸೊಪ್ಪಿನ ಸಾರು ಮಾಡಿದ್ರೆ ಮಾಡ್ತಾಳೆ" ಎಂದು ತಾವೇ ಹೇಳಿಕೊಂಡು ಗಿರಾಕಿಯ ಕಡೆ ತಿರುಗಿದರು.

ನನ್ನ ಲ್ಯಾಪ್‌ಟಾಪನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟೆ. ಅವಳು ಎಡಮಗ್ಗುಲಾಗಿ ಮಲಗಿಕೊಂಡೇ ಹೇಳುವುದು, ನಾನು ನೆಲದ ಮೇಲೆ ಕೂತು ಮಾಡುವುದು ಎಂದು ತೀರ್ಮಾನವಾಯಿತು. ಲೇತ್ ಮೆಷಿನಿನ ಮುಂದೆ ನಾನು ಯಾರಿಗೂ ಕಮ್ಮಿ ಇಲ್ಲ, ಆದರೆ ಕಂಪ್ಯೂಟರಿನಲ್ಲಿ ನನ್ನ ವಿದ್ಯೆ ಸಿನಿಮಾ ನೋಡುವಷ್ಟಕ್ಕೆ ಮುಗಿಯುತ್ತಿತ್ತು. ಮೊದಲ ಸಲ ಫೈಲು ಒತ್ತಿ ಇನ್‌ಸ್ಟಾಲ್ ಶುರುಮಾಡಿದೆ. ಒಂದು ಚೌಕ ಬಂತು, ಮರುಕ್ಷಣ ಮಾಯವಾಯಿತು. ಎರಡನೆಯ ಸಲವೂ ಹಾಗೇ.

"ನಿನ್ ಲ್ಯಾಪ್‌ಟಾಪಲ್ಲಿ ಯೂಸರ್ ಹೆಸರು ಏನಿಟ್ಟಿದ್ದೀಯ?"

"ನನ್ ಹೆಸ್ರೇ. ಕನ್ನಡದಲ್ಲಿ ಇಟ್ಟಿದ್ದೀನಿ." ಅದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

ಅವಳು ಹಣೆ ಚಚ್ಚಿಕೊಂಡಳು. "ಗುರು, ಈ ಆಟ ಮಾಡಿದ ಕಾಲದಲ್ಲಿ ಇದಕ್ಕೆ ಕನ್ನಡ ಅಕ್ಷರ ಒಂದಿದೆ ಅಂತಾನೇ ಗೊತ್ತಿರ್ಲಿಲ್ಲ. ಫೈಲ್ ಬಿಚ್ಚಿಡಕ್ಕೆ ನಿನ್ ಹೆಸರಿನ ಫೋಲ್ಡರಿಗೆ ಹೋಗುತ್ತೆ, ಹೆಸರು ಓದಕ್ಕಾಗಲ್ಲ, ವಾಪಸ್ ಬರುತ್ತೆ."

ಇಬ್ಬರೇ ಇದ್ದಾಗ ಸಿಟ್ಟು ಬಂದರೆ ನನ್ನನ್ನು ಗುರು ಎನ್ನುತ್ತಾಳೆ, ಅಮ್ಮನ ಎದುರು ಮಾತ್ರ ರೀ. ಇಂಗ್ಲಿಷ್ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆದೆ. ಆ ಸಲ ಚೌಕ ನಿಂತುಕೊಂಡಿತು. ಹಸಿರು ಪಟ್ಟಿ ನಿಧಾನವಾಗಿ ಬೆಳೆಯತೊಡಗಿತು. ಹತ್ತು, ಇಪ್ಪತ್ತು, ಮೂವತ್ತೈದು, ನಲವತ್ತೊಂದು. ಅಲ್ಲಿಗೆ ನಿಂತಿತು. ಬಾಣದ ಗುರುತು ಸುತ್ತುವ ಚಕ್ರವಾಯಿತು, ಅದು ಸುತ್ತುತ್ತಲೇ ಇತ್ತು.

"ಲ್ಯಾಪ್‌ಟಾಪ್ ಪಕ್ಕದಲ್ಲಿ ಒಂದು ಸಣ್ಣ ಲೈಟ್ ಇದೆಯಲ್ಲಾ, ಅದು ಮಿಣುಕ್ತಿದೆಯಾ ನೋಡು. ಮಿಣುಕ್ತಿದ್ರೆ ಒಳಗೆ ಕೆಲ್ಸ ನಡೀತಿದೆ ಅಂತ. ಕಾಯ್ಬೋದು."

ಬಗ್ಗಿ ನೋಡಿದೆ. ದೀಪ ಆರಿಹೋಗಿತ್ತು.

ಪಟ್ಟಿ ನಿಲ್ಲುವ ಹೊತ್ತಿಗೆ ಅಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ಅವಳಿಗೆ ಈ ಏರ್ಪಾಟೇ ಇಷ್ಟವಿರಲಿಲ್ಲ. "ಬಸ್ರಿ ಎಂಗ್ಸು ಆ ಡಬ್ಬದ ಮುಂದೆ ಇಂಗೆ ಮಲಿಕ್ಕಂಡ್ರೆ ಮಗೀನ ಕಣ್ಣಿಗೆ ಏನಾರ ಆಗಾಕಿಲ್ವಾ? ಸುಮ್ಕೆ ದೇವ್ರುನ್ನ ನೆನೀಬಾರ್ದಾ?"

"ಅದ್ನೂ ನೆನೀತಿದ್ದೀನಿ ಅತ್ತೆ" ಎಂದಳು ಇವಳು. ಅಮ್ಮ ಮುಖ ಗಂಟಿಕ್ಕಿಕೊಂಡು ಹಸುವಿನ ಕಡೆ ಹೋದಳು.

ಆ ವಾರವೆಲ್ಲ ನಮ್ಮ ಸಂಜೆಗಳು ಹಾಗೆಯೇ ಕಳೆದವು. ಅವಳು ಹಗಲೆಲ್ಲ ಯೋಚಿಸಿ ಒಂದೊಂದು ಉಪಾಯ ಕಂಡುಹಿಡಿದಿಟ್ಟಿರುತ್ತಿದ್ದಳು, ನಾನು ಬಂದು ಕೈಕಾಲು ತೊಳೆದು ಕೂರುತ್ತಿದ್ದೆ. ಹಾರ್ಡ್‌ ಡಿಸ್ಕಿನಿಂದ ನೇರ ಓಡಿಸಬೇಡ, ಮೊದಲು ಲ್ಯಾಪ್‌ಟಾಪಿನೊಳಗೆ ಕಾಪಿ ಮಾಡಿಕೋ ಎಂದಳು. ಮಾಡಿದೆ. ವೈರಸ್ ತಡೆಯುವ ಪ್ರೋಗ್ರಾಮನ್ನು ಅರ್ಧ ಗಂಟೆ ಮಲಗಿಸು ಎಂದಳು. ಮಲಗಿಸಿದೆ. ಜಾಗ ಸಾಲದಿದ್ದರೂ ಹೀಗಾಗುತ್ತದೆ ಎಂದಳು, ನಮ್ಮ ಮದುವೆಯ ವಿಡಿಯೋವನ್ನು ತೆಗೆದು ಬೇರೆ ಕಡೆ ಹಾಕಿದೆ. ಹಾಕುವ ಮುಂಚೆ ಅದನ್ನು ಸ್ವಲ್ಪ ನೋಡಿದೆವು, ಧಾರೆಯ ಹೊತ್ತಿಗೆ ಅವಳಪ್ಪ ಕನ್ನಡಕ ತೆಗೆದು ಒರೆಸಿಕೊಳ್ಳುವಲ್ಲಿಯವರೆಗೆ. ಪ್ರತಿ ಸಲವೂ ಹಸಿರು ಪಟ್ಟಿ ನಲವತ್ತೊಂದಕ್ಕೆ ಬಂದು ನಿಲ್ಲುತ್ತಿತ್ತು.

ಆದರೆ ಅವಳ ಮುಖದಲ್ಲಿ ಒಂದು ಬದಲಾವಣೆ ಬಂದಿತ್ತು. ನಾನು ಗೇಟು ತೆಗೆಯುವ ಸದ್ದಿಗೇ ಒಳಗಿನಿಂದ "ಇವತ್ತು ಒಂದು ಹೊಳೀತು!" ಎಂದು ಕೂಗುತ್ತಿದ್ದಳು. ಅದನ್ನು ಕೇಳುವುದಕ್ಕಾಗಿಯೇ ನಾನು ತುಮಕೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಬೈಕನ್ನು ಸಂದಿಯಲ್ಲೆಲ್ಲ ತೂರಿಸಿಕೊಂಡು ಬರುತ್ತಿದ್ದೆ.

ಶನಿವಾರ ನಾನೊಂದು ಎಡವಟ್ಟು ಮಾಡಿದೆ. ಆವತ್ತು ವರ್ಕ್‌ಶಾಪಿನಲ್ಲಿ ಕೆಲಸ ಜಾಸ್ತಿಯಾಗಿ ತಲೆ ಸಿಡಿಯುತ್ತಿತ್ತು. ಪಟ್ಟಿ ನಲವತ್ತೊಂದಕ್ಕೆ ಬಂದು ನಿಂತದ್ದೇ, ಅವಳು ಏನೋ ಹೇಳಲು ಬಾಯಿ ತೆರೆಯುವ ಮುಂಚೆಯೇ, ಪವರ್ ಬಟನ್ ಒತ್ತಿ ಹಿಡಿದು ಲ್ಯಾಪ್‌ಟಾಪನ್ನೇ ಆರಿಸಿಬಿಟ್ಟೆ. "ಬಿಟ್ಹಾಕು ಮಾರಾಯ್ತಿ. ಬೇರೆ ಯಾವ್ದಾದ್ರೂ ಆಟ ಆಡಿದ್ರಾಯ್ತು."

ಅವಳಿಗೆ ಗೋಡೆಯ ಕಡೆ ತಿರುಗಬೇಕೆಂದರೂ ಎಡಮಗ್ಗುಲು ಬಿಡುವ ಹಾಗಿರಲಿಲ್ಲ. ನನ್ನ ಎದುರಿಗೇ, ನನ್ನನ್ನು ನೋಡಿಕೊಂಡೇ ಅಳತೊಡಗಿದಳು.

"ಎಲ್ಲಾ ಅರ್ಧಕ್ಕೇ ನಿಂತ್ಹೋಗುತ್ತೆ ನನ್ ಕೈಲಿ" ಎಂದಳು.

ಅವಳು ಆಟದ ಮಾತಾಡುತ್ತಿಲ್ಲವೆಂದು ಗೊತ್ತಾಯಿತು. ಹಿಂದಿನ ವರ್ಷ ಆಸ್ಪತ್ರೆಯಿಂದ ಬಂದ ಮೇಲೆ ಅವಳು ಹೀಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಮೂರನೆಯ ದಿನಕ್ಕೇ ಎದ್ದು ಅಡುಗೆ ಮಾಡಿದ್ದಳು. ನಾವಿಬ್ಬರೂ ಆ ಮಾತೆತ್ತದೆ ಒಂದು ವರ್ಷ ಕಳೆದಿದ್ದೆವು. ಅವಳ ಪಾದ ಹಿಡಿದುಕೊಂಡು ಕೂತೆ. ಪಾದ ಊದಿಕೊಂಡಿತ್ತು.

ಅಮ್ಮ ಹಾಲಿನ ಲೋಟ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. ಬೈಯುತ್ತಾಳೆ ಎಂದುಕೊಂಡೆ. ಲೋಟವನ್ನು ಕಿಟಕಿಯ ಮೇಲಿಟ್ಟು, ಸೀರೆಗೆ ಕೈ ಒರೆಸಿಕೊಂಡು, ಮಂಚದ ತುದಿಯಲ್ಲಿ ಕೂತಳು.

"ಇವ್ನಿಗಿಂತ ಮುಂಚೆ ನಂಗೂ ಒಂದು ಓಯ್ತು" ಎಂದಳು. "ಐದು ತಿಂಗ್ಳು. ಒಲದಾಗೆ ಕಳೆ ಕೀಳ್ತಿದ್ದೆ. ಮನೆಗ್ ಬಂದು ಮಲಿಕ್ಕಂಡೆ, ಬೆಳಿಗ್ಗೆ ಎದ್ದು ಮತ್ತೆ ಒಲಕ್ಕೇ ಓದೆ. ಯಾರೂ ಏನೂ ಕೇಳ್ನಿಲ್ಲ. ನಾನೂ ಏಳ್ನಿಲ್ಲ."

ಮೂವತ್ತನಾಲ್ಕು ವರ್ಷ ಒಂದೇ ಮನೆಯಲ್ಲಿದ್ದರೂ ಈ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ಹೆಂಡತಿ ಅಳು ನಿಲ್ಲಿಸಿ ಅಮ್ಮನ ಮುಖ ನೋಡಿದಳು.

"ಹೆಣ್ಣಾ ಗಂಡಾ ಅತ್ತೆ?"

"ಎಣ್ಣು ಅಂದ್ರು." ಅಮ್ಮ ಅವಳ ಕೂದಲನ್ನು ಹಣೆಯಿಂದ ಹಿಂದಕ್ಕೆ ಸರಿಸಿದಳು. "ಈ ಮಗು ಎಲ್ಗೂ ಓಗಲ್ಲ. ನೀನು ಆಲು ಕುಡಿ." ಆಮೇಲೆ ನನ್ನ ಕಡೆ ತಿರುಗಿ, "ನೀನ್ಯಾಕ್ಲಾ ಅಂಗೆ ಆರುಸ್ದೆ? ಅವ್ಳು ಕೇಳಿದ್ದು ಮಾಡಿಕೊಡಕ್ಕೆ ಏನಾಗೈತೆ ನಿಂಗೆ?" ಎಂದಳು.

ನಾನು ಎದ್ದು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ಹಸುವಿನ ಪಕ್ಕ ನಿಂತು ಬಂದೆ.

ಸೋಮವಾರ ವರ್ಕ್‌ಶಾಪಿನಲ್ಲಿ ಮೆಷಿನು ಒಂದು ತುಂಡು ಕೊರೆಯುತ್ತಾ ನಿಂತಿತು. ಮತ್ತೆ ಓಡಿಸಿದೆ, ಪ್ರೋಗ್ರಾಮಿನ ಅದೇ ಸಾಲಿನಲ್ಲಿ ನಿಂತಿತು. ಜೊತೆಯವನಿಗೆ, "ಮೆಷಿನ್ ಸರಿ ಇದೆ ಮಚ್ಚಾ, ಪ್ರೋಗ್ರಾಮಲ್ಲೇ ತಪ್ಪಿದೆ. ಮೆಷಿನ್ದೇ ತೊಂದ್ರೆ ಆಗಿದ್ರೆ ಒಂದೊಂದ್ ಸಲ ಒಂದೊಂದ್ ಕಡೆ ನಿಲ್ತಿತ್ತು" ಎಂದೆ. ವರ್ಷಕ್ಕೆ ನಾಲ್ಕು ಸಲವಾದರೂ ಯಾರಿಗೋ ಹೇಳುವ ಮಾತು ಅದು. ಹೇಳಿ ಮುಗಿಸಿದ ಮೇಲೆ ಆ ನಲವತ್ತೊಂದು ನೆನಪಾಯಿತು. ಊಟದ ಬಿಡುವಿನಲ್ಲಿ ಮನೆಗೆ ಫೋನು ಮಾಡಿದೆ.

"ಪ್ರತಿ ಸಲ ನಲವತ್ತೊಂದಕ್ಕೇ ಯಾಕೆ ನಿಲ್ಲುತ್ತೆ? ಲ್ಯಾಪ್‌ಟಾಪ್ ಕೆಟ್ಟಿದ್ರೆ ಒಂದಿನ ಇಪ್ಪತ್ತಕ್ಕೆ, ಒಂದಿನ ಅರವತ್ತಕ್ಕೆ ನಿಲ್ಬೇಕಲ್ವಾ? ಫೈಲೇ ಕೆಟ್ಟಿದೆ ಅನ್ಸುತ್ತೆ ಕಣೇ. ಒಂದೇ ಜಾಗದಲ್ಲಿ."

ಆ ಕಡೆಯಿಂದ "ಗುರು! ಇಷ್ಟು ದಿನ ಎಲ್ಲಿದ್ದೆ ನೀನು?" ಎಂದು ಕಿರುಚಿದಳು. "ನಾನು ಬರೀ ನಿನ್ ಲ್ಯಾಪ್‌ಟಾಪನ್ನೇ ಬೈಕೊಂಡು ಕೂತಿದ್ದೆ. ಅಪ್ಪಂಗೆ ಫೋನ್ ಮಾಡ್ತೀನಿ. ಮೂಲ ಡಿಸ್ಕ್ ಬೀರುನಲ್ಲೇ ಇರ್ಬೇಕು."

ಮರುದಿನ ನಾನು ಮನೆಗೆ ಬರುವಷ್ಟರಲ್ಲಿ ಮಾವ ಬಂದು ಕೂತಿದ್ದರು. ಯಲಹಂಕದಿಂದ ಎರಡು ಬಸ್ಸು ಬದಲಾಯಿಸಿ, ಅಂಗಡಿಗೆ ಬಾಗಿಲು ಹಾಕಿ ಬಂದಿದ್ದರು. ಮೂಲ ಡಿಸ್ಕು, ಅದನ್ನು ಓದುವ ಹಳೆಯ ಡ್ರೈವು, ಜೊತೆಗೆ ಒಂದು ಕಟ್ಟು ದಂಟಿನ ಸೊಪ್ಪು ತಂದಿದ್ದರು. ಮಗಳನ್ನು ಮಲಗಿರುವ ಸ್ಥಿತಿಯಲ್ಲಿ ಅವರು ನೋಡಿದ್ದು ಅದೇ ಮೊದಲು. ಕೋಣೆಯೊಳಗೆ ಬರಲು ಸಂಕೋಚಪಟ್ಟು ನಡುಮನೆಯಲ್ಲೇ ಕುರ್ಚಿ ಎಳೆದುಕೊಂಡು, ಬಾಗಿಲಿನಿಂದಲೇ ಮಾತಾಡುತ್ತಿದ್ದರು. ಅಮ್ಮ ಹೋಗಿ, "ಒಳಿಕ್ಕೋಗಿ ಕೂತ್ಕಳ್ಳಿ ಬೀಗ್ರೆ, ನಿಮ್ ಮಗ್ಳೇ ಅಲ್ವಾ" ಎಂದು ಕುರ್ಚಿಯನ್ನು ಎತ್ತಿ ಮಂಚದ ಪಕ್ಕ ಇಟ್ಟಳು.

ಮಾವ ಡಿಸ್ಕಿನ ಮೇಲೆ ಬೆಳಕು ಬಿಟ್ಟು ನೋಡಿದರು. ಒಂದು ತೆಳ್ಳನೆಯ ಗೀರು.  ಆಮೇಲೆ ತಪ್ಪೊಪ್ಪಿಕೊಳ್ಳುವವರ ಹಾಗೆ ಹೇಳಿದರು:

"ಈ ಇಮೇಜ್ ಮಾಡಿದ್ದು ನಾನೇ. ಕಾಪಿ ಮಾಡೋವಾಗ ಕಂಪ್ಯೂಟರ್ ಕೇಳುತ್ತೆ, ಓದಕ್ಕಾಗದೇ ಇರೋ ಜಾಗ ಬಂದ್ರೆ ಬಿಟ್ಟು ಮುಂದಕ್ಕೆ ಹೋಗ್ಲಾ ಅಂತ. ಅಂಗಡೀಲಿ ಜನ ಕಾಯ್ತಿದ್ರು. ಹೋಗು ಅಂತ ಒತ್ತಿರ್ತೀನಿ. ಅಲ್ಲೊಂದು ತೂತು ಉಳ್ಕೊಂಡಿದೆ."

"ಮತ್ತೆ ನಾನು ಅಂಗಡೀಲಿ ಆಡ್ತಿದ್ನಲ್ಲಪ್ಪ, ಅದು?"

"ನಿಂಗೆ ಡಿಸ್ಕಿಂದಾನೇ ಹಾಕ್ಕೊಟ್ಟಿದ್ದೆ. ಹುಡುಗರ ಹಾಗೆ ನೀನು ಗೀರು ಬೀಳಿಸಲ್ಲ ಅಂತ."

ಅವಳು ಡಿಸ್ಕನ್ನು ಕೇಳಿ ಪಡೆದು, ನನ್ನ ಒಂದು ಹಳೆಯ ಮೆತ್ತನೆಯ ಬನಿಯನ್ನಿನಿಂದ ಒರೆಸಿದಳು. ಸುತ್ತ ತಿರುಗಿಸಿ ಒರೆಸಬಾರದಂತೆ, ನಡುವಿನಿಂದ ಅಂಚಿನ ಕಡೆಗೆ ನೇರ ಎಳೆಯಬೇಕಂತೆ. ಮಾವ ಡ್ರೈವಿನ ವೇಗವನ್ನು ತೀರ ಕಡಿಮೆಗೆ ಇಳಿಸಿದರು. ಓದಲಾಗದ ಜಾಗವನ್ನು ಬಿಟ್ಟು ಹೋಗಲೇ ಎಂದು ಕಂಪ್ಯೂಟರು ಕೇಳಿದಾಗ ತಂದೆ ಮಗಳು ಒಟ್ಟಿಗೇ "ಬೇಡ" ಎಂದರು, ಅದಕ್ಕೆ ಕೇಳಿಸುತ್ತದೇನೋ ಎಂಬಂತೆ. ಡ್ರೈವು ಓಡತೊಡಗಿತು. ಆ ಗೀರಿನ ಜಾಗಕ್ಕೆ ಬಂದಾಗ ಕರ್ ಕರ್ ಎಂದು ನಿಂತು, ಹಿಂದಕ್ಕೆ ಹೋಗಿ, ಮತ್ತೆ ಓದಿತು. ಮತ್ತೆ ನಿಂತಿತು. ಮತ್ತೆ ಓದಿತು. ನಾವು ತಡವಾಗಿ ಊಟ ಮಾಡಿದೆವು. ಅವಳಿಗೆ ಅಮ್ಮ ದಂಟಿನ ಸೊಪ್ಪಿನ ಸಾರು ಕಲಸಿ ತಿನ್ನಿಸಿದಳು. ಸಂಜೆ ಬಿಸಿಲು ಕಿಟಕಿಯಿಂದ ಹೋಗುವ ಹೊತ್ತಿಗೆ ಹೊಸ ಇಮೇಜು ತಯಾರಾಯಿತು.

ಹಸಿರು ಪಟ್ಟಿ ನಲವತ್ತೊಂದಕ್ಕೆ ಬಂದಾಗ ನಾಲ್ಕು ಜನವೂ ಅದನ್ನೇ ನೋಡುತ್ತಿದ್ದೆವು. ಅದು ಏನೂ ಆಗದವರ ಹಾಗೆ ನಲವತ್ತೆರಡಾಯಿತು. ಹೆಂಡತಿ ನನ್ನ ತಲೆಯ ಮೇಲೆ ಒಂದು ಮೊಟಕಿದಳು. ತೊಂಬತ್ತೇಳಕ್ಕೆ ಬಂದು ಮತ್ತೆ ನಿಂತಾಗ ನನ್ನ ಕೈ ತಾನಾಗಿ ಬಟನ್ನಿನ ಕಡೆ ಹೋಯಿತು. ಅಮ್ಮ ನನ್ನ ಕೈ ಹಿಡಿದಳು.

"ಆ ದೀಪ ಮಿಣುಕ್ತೈತಲ್ಲಾ. ಅವ್ಳು ಏಳಿಲ್ವಾ, ಅದು ಮಿಣುಕ್ತಿದ್ರೆ ಕಾಯ್ಬೇಕು ಅಂತ. ಸುಮ್ಕಿರು."

ಬಾಗಿಲಲ್ಲಿ ನಿಂತು ಗೊಣಗುತ್ತಲೇ ಅವಳು ಎಲ್ಲವನ್ನೂ ಕಲಿತುಕೊಂಡಿದ್ದಳು. ಕಾಲು ಗಂಟೆಯ ಮೇಲೆ ಪಟ್ಟಿ ನೂರಕ್ಕೆ ಮುಟ್ಟಿತು, ಆಟ ತೆರೆದುಕೊಂಡಿತು. ಮಾವ ಎದ್ದು, ಕೊನೇ ಬಸ್ಸು ಹೋಗಿಬಿಡುತ್ತೆ ಎಂದು ಸುಳ್ಳು ಹೇಳಿ, ಮಗಳ ತಲೆ ಸವರಿ ಹೊರಟರು. ಬಸ್ ಸ್ಟಾಪಿನವರೆಗೆ ಬೈಕಿನಲ್ಲಿ ಬಿಟ್ಟೆ. ಇಳಿಯುವಾಗ, "ಅವಳಮ್ಮ ಇದ್ದಿದ್ರೆ ನಾನು ಈ ಡಿಸ್ಕು ಹಿಡ್ಕೊಂಡು ಓಡಾಡೋ ಕೆಲ್ಸ ಇರ್ತಿರ್ಲಿಲ್ಲ. ನಂಗೆ ಇಷ್ಟೇ ಬರೋದು" ಎಂದರು. ಇದೇ ಬೇಕಾಗಿದ್ದುದು ಎಂದೆ.

ಅವಳು ಐದು ವಾರ ಆ ಆಟ ಆಡಿದಳು. ಮಲಗಿಕೊಂಡೇ ಕಾಣುವ ಹಾಗೆ ಲ್ಯಾಪ್‌ಟಾಪನ್ನು ಓರೆಯಾಗಿ ಹಿಡಿಯುವ ಒಂದು ಸ್ಟ್ಯಾಂಡನ್ನು ವರ್ಕ್‌ಶಾಪಿನಲ್ಲಿ ಮಿಕ್ಕಿದ ಅಲ್ಯೂಮಿನಿಯಂ ತುಂಡುಗಳಿಂದ ಮಾಡಿಕೊಟ್ಟೆ. ಅಮ್ಮ ಮಧ್ಯಾಹ್ನ ಅವರೆಕಾಳು ಸುಲಿಯುತ್ತಾ ಪಕ್ಕದಲ್ಲಿ ಕೂತು, "ಇಷ್ಟೊಂದು ಅಸ ಕಟ್ಟಿದ್ದೀಯ, ನೀರೆಲ್ಲವ್ವ ಇವಕ್ಕೆ?" ಎಂದು ಕೇಳಿ ಅವಳ ಕೈಯಲ್ಲಿ ಇನ್ನೊಂದು ಬಾವಿ ತೋಡಿಸುತ್ತಿದ್ದಳಂತೆ.

ಮೂವತ್ತನಾಲ್ಕನೆಯ ವಾರದಲ್ಲಿ ಒಂದು ಬೆಳಿಗ್ಗೆ ಮತ್ತೆ ರಕ್ತ ಕಾಣಿಸಿತು. ವರ್ಕ್‌ಶಾಪಿಗೆ ಫೋನು ಬಂದಾಗ ನಾನು ಮೆಷಿನು ಆರಿಸಿದೆನೋ ಇಲ್ಲವೋ ಈಗಲೂ ನೆನಪಿಲ್ಲ. ಅಮ್ಮನೇ ಆಂಬುಲೆನ್ಸಿನಲ್ಲಿ ಕರೆದೊಯ್ದಿದ್ದಳು. ನಾನು ತಲುಪುವ ಹೊತ್ತಿಗೆ ಆಪರೇಷನ್ ಶುರುವಾಗಿತ್ತು. ಹೆಣ್ಣು ಮಗು, ಎರಡು ಕೇಜಿಗೆ ಸ್ವಲ್ಪ ಕಮ್ಮಿ. ಅತ್ತಳು ಎಂದು ನರ್ಸ್ ಹೇಳಿದರು. ಎಷ್ಟು ಜೋರಾಗಿ ಎಂದು ಕೇಳಿದೆ. "ನಿಮಗೆ ಕೇಳಿಸ್ಲಿಲ್ವಾ?" ಎಂದು ಅವರು ನಕ್ಕರು.

ಮಗುವನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟರು. ಹೆಂಡತಿ ಅಲ್ಲೇ ಉಳಿದಳು. ನಾನು ಬಟ್ಟೆ ಊಟ ಎಂದು ಮನೆಗೂ ಆಸ್ಪತ್ರೆಗೂ ಓಡಾಡುತ್ತಿದ್ದೆ. ಒಂದು ಮಧ್ಯಾಹ್ನ ಬಂದಾಗ ನಮ್ಮ ಕೋಣೆಯಿಂದ ಸಣ್ಣಗೆ ಅಲೆಗಳ ಸದ್ದು ಕೇಳಿಸಿತು. ಅಮ್ಮ ಮಂಚದ ಮೇಲೆ ಕಾಲು ಮಡಿಸಿ ಕೂತು ಲ್ಯಾಪ್‌ಟಾಪ್ ತೆರೆದುಕೊಂಡಿದ್ದಳು. ಏನನ್ನೂ ಮುಟ್ಟದೆ ಸುಮ್ಮನೆ ನೋಡುತ್ತಿದ್ದಳು. ದ್ವೀಪದಲ್ಲಿ ಜನ ಬಾವಿಗೂ ಗದ್ದೆಗೂ ಓಡಾಡುತ್ತಿದ್ದರು.

"ಇದ್ನ ಎಂಗೆ ತೆಗ್ದೆ?"

"ಅವ್ಳು ತೆಗೆಯೋದು ನೋಡಿಲ್ವಾ ನಾನು?" ಎಂದಳು. ನನ್ನ ಕಡೆ ತಿರುಗದೆ, "ಅವ್ಳಿಲ್ದೆ ಮನೆ ಬಣಗುಟ್ತೈತೆ ಕಣ್ಲಾ" ಎಂದಳು. ನಾನೂ ಅವಳ ಪಕ್ಕ ಕೂತೆ. ಆಸ್ಪತ್ರೆಗೆ ಅರ್ಧ ಗಂಟೆ ತಡವಾಗಿ ಹೋದೆ.

ಹದಿನೆಂಟನೆಯ ದಿನ ಇಬ್ಬರನ್ನೂ ಕರೆದುಕೊಂಡು ಬಂದೆವು. ಅಮ್ಮ ಆರತಿ ಎತ್ತಿದಳು. ಮಾವ ಬಂದು ಮೊಮ್ಮಗಳನ್ನು ಎತ್ತಿಕೊಳ್ಳಲು ಹೆದರಿ ದೂರದಿಂದಲೇ ನೋಡಿ ಹೋದರು. ಮಧ್ಯಾಹ್ನ ಮೂರು ಗಂಟೆಗೆ ನೋಡಿದರೆ ಮಗು ನಡುವೆ, ಹೆಂಡತಿ ಒಂದು ಕಡೆ, ಅಮ್ಮ ಇನ್ನೊಂದು ಕಡೆ, ಮೂವರೂ ಗಾಢ ನಿದ್ದೆಯಲ್ಲಿದ್ದರು. ಅಷ್ಟರಲ್ಲಿ ಗ್ಯಾಸ್ ಸಿಲಿಂಡರಿನವನು ಬಂದು ಗೇಟು ಬಡಿಯಲು ಕೈ ಎತ್ತಿದ. ನಾನು ಬರಿಗಾಲಿನಲ್ಲಿ ಅಂಗಳಕ್ಕೆ ಓಡಿ ತುಟಿಯ ಮೇಲೆ ಬೆರಳಿಟ್ಟೆ. ಅವನಿಗೆ ಅರ್ಥವಾಯಿತು. ಇಬ್ಬರೂ ಆ ಕಡೆ ಈ ಕಡೆ ಹಿಡಿದುಕೊಂಡು, ಸದ್ದಾಗದ ಹಾಗೆ, ಸಿಲಿಂಡರನ್ನು ಅಡುಗೆಮನೆಯವರೆಗೆ ಎತ್ತಿಕೊಂಡು ಹೋದೆವು.